ಮೂರನೇ ಸಾಲಿನ ನಗು

ಕೈಲಿರೋ ಕೆಲಸ ಒಂಚೂರು ಪಕ್ಕಕ್ಕಿಟ್ಟು ಇದನ್ನ ಕೇಳಿ. ಅರ್ಧಕ್ಕೆ ಎದ್ದು ಹೋಗೋ ಹಾಗಿಲ್ಲ, ಯಾಕಂದ್ರೆ ಕೊನೇಲಿ ನಿಮ್ಮನ್ನ ಒಂದು ಮಾತು ಕೇಳೋದಿದೆ, ನಡುವೆ ಎದ್ದೋರಿಗೆ ಅದಕ್ಕೆ ಉತ್ತರ ಹೇಳೋಕಾಗಲ್ಲ.

ಡೆಲ್ ಕ್ವಿಗ್ಲಿ ಅಂದ್ರೆ ಈಗಿನ ಹುಡುಗರಿಗೆ ಗೊತ್ತಿಲ್ಲ. ಎಪ್ಪತ್ತರ ದಶಕದಲ್ಲಿ ಶುಕ್ರವಾರ ಸಂಜೆ ಆದ್ರೆ ಸಾಕು, ಮನೆಮನೆಯಲ್ಲೂ ಜನ ಊಟದ ತಟ್ಟೆ ತೊಡೆ ಮೇಲಿಟ್ಕೊಂಡು ಟಿವಿ ಮುಂದೆ ಕೂತು ಅವನಿಗೋಸ್ಕರ ಕಾಯ್ತಿದ್ರು. 'ಕೆಳಗಿನ ಮನೆ ಫಿಂಚ್' ಅಂತ ಧಾರಾವಾಹಿ. ಅದರಲ್ಲಿ ಡೆಲ್ ಪಿಯಾನೊ ಶ್ರುತಿ ಮಾಡೋ ಫಿಂಚ್. ಮೇಲಿನ ಮನೇಲಿ ಸಂಗೀತ ಪಾಠ ಹೇಳೋ ಮೇಡಂ ದುವಾಲ್. ಆ ಪಾತ್ರ ವರ್ನಾ ಸ್ಟೋಕ್ಲಿದು. ಕಥೆ ಏನೇ ಇರ್ಲಿ, ಪ್ರತಿ ವಾರ ಒಂದು ಸಲ ಮೇಲಿಂದ ವರ್ನಾ ಗಂಟಲು ಕಿತ್ತುಹೋಗೋ ಹಾಗೆ ಒಂದು ಸ್ವರ ಎಳೀತಾಳೆ, ಕೆಳಗೆ ಫಿಂಚ್‌ನ ಕಾಫಿ ಬಟ್ಟಲಿಗೆ ಚಾವಣಿಯಿಂದ ಸುಣ್ಣದ ಪುಡಿ ಉದುರುತ್ತೆ. ಅವನು ಚಾವಣಿ ನೋಡ್ತಾನೆ. ಬಟ್ಟಲು ನೋಡ್ತಾನೆ. ಚಮಚ ತಗೊಂಡು ಸುಣ್ಣ ಸಮೇತ ಕಾಫಿ ಕಲಸ್ತಾನೆ. ಆಮೇಲೆ, "ನಿನ್ನೆಗಿಂತ ವಾಸಿ" ಅಂತಾನೆ.

ಅಷ್ಟೇ. ಬರೆದು ನೋಡಿದ್ರೆ ನಗು ಬರಲ್ಲ, ಗೊತ್ತು. ಆದ್ರೆ ಆ ಮಾತು ಹೇಳಿ ಅವನು ಹಾಗೇ ನಿಂತುಬಿಡ್ತಿದ್ದ ನೋಡಿ, ಅಲ್ಲಿತ್ತು ಮಜಾ.

ಈಗ ಡೆಲ್‌ಗೆ ಎಂಬತ್ತು ದಾಟಿದೆ. ಬರ್ಬ್ಯಾಂಕ್‌ನಲ್ಲಿ, ಹಿಂದೆ ಸ್ಟುಡಿಯೋಗೆ ನಡ್ಕೊಂಡು ಹೋಗ್ತಿದ್ದ ಅದೇ ಬೀದಿಯ ಅದೇ ಸಣ್ಣ ಮನೇಲಿ ಒಬ್ಬನೇ ಇದ್ದಾನೆ, ಆರಾಮಾಗೇ ಇದ್ದಾನೆ. ತರಕಾರಿ ಅಂಗಡಿಗೆ ಹೋದಾಗ ಮೊದಲೆಲ್ಲ ದಾರಿಗೊಬ್ಬರು ತಡೆದು "ಏನು ಫಿಂಚ್, ನಿನ್ನೆಗಿಂತ ವಾಸಿನಾ?" ಅಂತಿದ್ರು. ಈಗ ಅಪರೂಪಕ್ಕೆ ಯಾರೋ ಬೊಕ್ಕತಲೆಯೋರು ಅಂದ್ರೆ ಅವನಿಗೆ ಆ ವಾರವೆಲ್ಲ ಖುಷಿ. ಬಾಯಲ್ಲಿ ಮಾತ್ರ "ಅಯ್ಯೋ, ಇನ್ನೂ ಬಿಟ್ಟಿಲ್ವಲ್ಲ ಈ ಜನ" ಅಂತ ಗೊಣಗೋದು.

ಹೀಗಿರುವಾಗ ಒಂದು ಬೆಳಗ್ಗೆ ಫೋನು. ಇಮಾನಿ ಅಂತ ಹುಡುಗಿ, ಹಳೇ ಕಾರ್ಯಕ್ರಮಗಳನ್ನ ತೊಳೆದು ಬಳಿದು ಹೊಸದಾಗಿ ಮೊಬೈಲು, ಟಿವಿಗಳಿಗೆ ಬಿಡೋ ಕಂಪನಿಯೊಂದರಲ್ಲಿ ಕೆಲಸ.

"ಸರ್, ಫಿಂಚ್‌ನ ಮತ್ತೆ ತರ್ತಿದ್ದೀವಿ. ಬಣ್ಣ ಎಲ್ಲ ಹೊಸದರ ಹಾಗೆ ಹೊಳೀತಿದೆ. ಒಂದೇ ಒಂದು ಬದಲಾವಣೆ. ನಗು ತೆಗೀತೀವಿ."

"ಯಾರ ನಗು?"

"ಹಿಂದೆ ಜನ ನಗೋದು ಕೇಳ್ಸುತ್ತಲ್ಲ ಸರ್, ಅದು. ಈಗಿನೋರಿಗೆ ಆ ಡಬ್ಬೀಲಿ ತುಂಬಿಟ್ಟ ನಗು ಕಂಡ್ರೆ ಆಗಲ್ಲ. ಯಾವಾಗ ನಗ್ಬೇಕು ಅಂತ ನಮಗೆ ಇವರು ಹೇಳ್ಕೊಡ್ಬೇಕಾ ಅಂತಾರೆ."

"ಡಬ್ಬಿ ಅಲ್ಲಮ್ಮ ಅದು. ಮುನ್ನೂರು ಜನ ಬಸ್ಸಲ್ಲಿ ಬಂದು, ಗಟ್ಟಿ ಬೆಂಚಲ್ಲಿ ಕೂತು ನಕ್ಕಿದ್ದು. ಬೆನ್ನು ನೋಯಿಸ್ಕೊಂಡಿದ್ದಾರೆ ಪಾಪ."

ಇಮಾನಿ ನಕ್ಕಳು. ಆದ್ರೂ ವಿಷಯ ಬಿಡಲಿಲ್ಲ. ಹಳೇ ಕರಾರಿನ ಪ್ರಕಾರ ಧ್ವನಿಮುದ್ರಣದಲ್ಲಿ ಕೈ ಆಡಿಸ್ಬೇಕಾದ್ರೆ ಡೆಲ್, ವರ್ನಾ ಇಬ್ಬರೂ ಹೂಂ ಅನ್ಬೇಕು. ನಗು ಇರೋ ಹಳೇ ಪ್ರತೀನ ಕಂಪನಿ ಹೊರಗೆ ಬಿಡಲ್ಲ, ಅದು ಉಗ್ರಾಣದಲ್ಲೇ ಇರುತ್ತೆ. ಹೊಸ ಪ್ರತಿ ಇಲ್ಲಾಂದ್ರೆ ಏನೂ ಇಲ್ಲ. ವರ್ನಾ ಆಗಲೇ ಹೂಂ ಅಂದಾಗಿದೆ.

"ಸರಿ, ಬಂದು ನೋಡ್ತೀನಿ" ಅಂದ ಡೆಲ್. ಅಂದ ಮೇಲೆ ಅವನಿಗೇ ಆಶ್ಚರ್ಯ. ಯಾಕಂದ್ರೆ ಅವನು ತನ್ನ ಧಾರಾವಾಹೀನ ಯಾವತ್ತೂ ನೋಡಿದೋನೇ ಅಲ್ಲ. ಹಳೇ ವೇದಿಕೆ ನಟರು ಕೆಲವರಿಗೆ ಈ ನೇಮ ಇತ್ತು: ಒಂದು ಸಲ ನಿನ್ನನ್ನ ನೀನು ಪರದೆ ಮೇಲೆ ನೋಡ್ದೆ ಅಂದ್ರೆ, ಮುಂದಿನ ವಾರದಿಂದ ನೀನು ಫಿಂಚ್ ಮಾಡಲ್ಲ, ಫಿಂಚ್ ಮಾಡೋ ಡೆಲ್‌ನ ನಕಲು ಮಾಡ್ತೀಯ. ಧಾರಾವಾಹಿ ನಿಂತು ವರ್ಷಗಳಾದ್ರೂ ಆ ನೇಮ ಬಿಟ್ಟಿರಲಿಲ್ಲ.

ಮೊದಲು ವರ್ನಾನ ನೋಡೋಣ ಅಂತ ಗ್ಲೆಂಡೇಲ್‌ಗೆ ಹೋದ. ವಯಸ್ಸಾದೋರನ್ನ ನೋಡ್ಕೊಳೋ ಮನೆ ಅದು, ಅಲ್ಲಿ ಅವಳಿಗೆ ಒಂದು ಕೋಣೆ, ಒಂದು ಕಿಟಕಿ, ಕಿಟಕಿ ಹೊರಗೆ ಕಾರು ನಿಲ್ಸೋ ಜಾಗ. ಡೆಲ್ ಒಳಗೆ ಹೋದಾಗ ಅಲ್ಲಿಯ ನರ್ಸಮ್ಮ ಸೂಪ್ ಬಟ್ಟಲು ಹಿಡ್ಕೊಂಡು ನಿಂತಿದ್ಲು.

"ಹೇಗಿದ್ದೀಯೇ ವರ್ನಾ?"

"ನಿನ್ನೆಗಿಂತ ವಾಸಿ. ಕೂತ್ಕೋ ಮುದುಕ. ಲೇ ಹುಡುಗಿ, ಇವನೇ ನೋಡು ಡೆಲ್ ಕ್ವಿಗ್ಲಿ. ನಾನು ಹೇಳಿರ್ಲಿಲ್ವಾ, ನಾವಿಬ್ರೂ ಟಿವೀಲಿ ಬರ್ತಿದ್ವಿ ಅಂತ."

"ಹೌದಾ ಅಜ್ಜಿ? ತುಂಬಾ ಸಂತೋಷ. ಮೊದಲು ಸೂಪ್ ಕುಡೀರಿ" ಅಂದ್ಲು ನರ್ಸಮ್ಮ, ಮಗುಗೆ ಹೇಳೋ ದನೀಲಿ. ಡೆಲ್ ಕಡೆ ತಿರುಗಿ ಕಣ್ಣು ಮಿಟುಕಿಸಿದ್ಲು ಬೇರೆ, ನೀವೂ ಹೂಂ ಅನ್ನಿ ಅನ್ನೋ ಹಾಗೆ.

ಅವಳು ಹೋದ ಮೇಲೆ ವರ್ನಾ ಸೂಪ್ ಪಕ್ಕಕ್ಕೆ ತಳ್ಳಿದ್ಲು. "ನೋಡ್ದೆಯಾ? ಪಕ್ಕದ ಕೋಣೆಯೋಳು ತಾನು ಸ್ವೀಡನ್ ರಾಣಿ ಅಂತಾಳೆ. ಅವಳಿಗೂ 'ಹೌದಾ ಅಜ್ಜಿ', ನನಗೂ 'ಹೌದಾ ಅಜ್ಜಿ'. ನಾನು ಇಬ್ಬರು ಗಂಡಂದಿರನ್ನ, ನಾಲ್ಕು ಸ್ಟುಡಿಯೋ ಯಜಮಾನರನ್ನ ಆಳಿದೋಳು ಕಣೋ. ಒಂದೇ ಒಂದು ಸಲ ಈ ಹುಡುಗೀರು ನನ್ನನ್ನ ಪರದೆ ಮೇಲೆ ನೋಡ್ಬೇಕು. ಸೊಂಟ ಇದ್ದಾಗಿನ ನನ್ನನ್ನ."

"ನಗು ತೆಗೀತಾರಂತೆ."

"ತೆಗೀಲಿ. ನನ್ನ ಸೊಂಟ ತೆಗೀತಾರಾ?"

"ಇಲ್ಲ."

"ಮತ್ತೆ? ಹೂಂ ಅನ್ನು, ನಡಿ."

ಡೆಲ್‌ಗೂ ಅದರಲ್ಲಿ ಕಷ್ಟ ಏನೂ ಕಾಣಲಿಲ್ಲ. ಮಾರನೇ ದಿನ ಹೂಂ ಅನ್ನೋಕೇ ಅಂತ, ಹೊಸ ಕಾಲರಿನ ಅಂಗಿ ಹಾಕ್ಕೊಂಡು, ಇಮಾನಿ ಹೇಳಿದ ಜಾಗಕ್ಕೆ ಹೋದ.

ಕತ್ತಲೆ ಕೋಣೆ, ಎರಡು ಮೆತ್ತನೆ ಕುರ್ಚಿ, ಎದುರಿಗೆ ಗೋಡೆ ತುಂಬ ಪರದೆ. ಇಮಾನಿ ಅವನಿಗೆ ಕಾಫಿ ತಂದುಕೊಟ್ಟು, "ನಮ್ಮ ಆಫೀಸಲ್ಲಿ ಎಲ್ಲರಿಗೂ ಇಷ್ಟ ಆಗಿರೋ ಕಂತು ಇದು ಸರ್" ಅಂತ ಶುರು ಮಾಡಿದ್ಲು. ತನ್ನನ್ನ ತಾನು ನೋಡಿದ ಡೆಲ್‌ಗೆ ಮೊದಲು ಬಂದ ಯೋಚನೆ, ಎಷ್ಟೊಂದು ಕೂದಲಿತ್ತಲ್ಲ. ಮೇಲಿಂದ ವರ್ನಾ ಸ್ವರ ಎಳೆದ್ಲು. ಸುಣ್ಣ ಉದುರ್ತು. ಪರದೆ ಮೇಲಿನ ಡೆಲ್ ಕಾಫಿ ಕಲಸಿದ, "ನಿನ್ನೆಗಿಂತ ವಾಸಿ" ಅಂದ, ನಿಂತ.

ನಗು ಇಲ್ಲ. ಸಂಗೀತ ಇಲ್ಲ. ಒಬ್ಬ ಮನುಷ್ಯ ಚಮಚ ಹಿಡ್ಕೊಂಡು ಸುಮ್ನೆ ನಿಂತಿದ್ದಾನೆ. ಕ್ಯಾಮೆರಾ ಕಡೆ ನೋಡ್ತಿಲ್ಲ, ಚಾವಣಿ ಕಡೆ ನೋಡ್ತಿಲ್ಲ. ಸ್ವಲ್ಪ ಎಡಕ್ಕೆ, ಸ್ವಲ್ಪ ಕೆಳಕ್ಕೆ, ಅಲ್ಲೇನೋ ಇದೆ ಅನ್ನೋ ಹಾಗೆ ನೋಡ್ತಾ ನಿಂತಿದ್ದಾನೆ. ಎಷ್ಟು ಹೊತ್ತು ಅಂದ್ರೆ ನೋಡೋರಿಗೆ ಉಸಿರು ಕಟ್ಟಬೇಕು. ಆಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಮುಂದಿನ ಮಾತು ಹೇಳ್ತಾನೆ.

ಇಮಾನಿ ಚಿತ್ರ ನಿಲ್ಲಿಸಿದ್ಲು. "ಇಲ್ಲೇ ಸರ್. ನಮ್ಮ ಹುಡುಗರು ಇದನ್ನೇ ಮತ್ತೆ ಮತ್ತೆ ಹಾಕ್ಕೊಂಡು ನೋಡ್ತಾರೆ. ನಗು ಇದ್ದಾಗ ಇದು ಕಾಣ್ತಾನೇ ಇರಲಿಲ್ಲ. ಯಾರನ್ನ ನೋಡ್ತಿದ್ರಿ ನೀವು?"

"ದೀಪ ಹಿಡಿಯೋ ಹುಡುಗನ್ನ. ನಿದ್ದೆ ಮಾಡ್ತಿದ್ದ."

ಡೆಲ್ ಕಾಫಿ ಬಟ್ಟಲು ಕೆಳಗಿಟ್ಟ.

"ಮೇವಿಸ್‌ನ" ಅಂದ. "ನನ್ನ ಹೆಂಡ್ತಿ. ಮೂರನೇ ಸಾಲು, ನಡುದಾರಿ ಪಕ್ಕದ ಸೀಟು."

ಮೇವಿಸ್ ವಿಷಯ ಇಲ್ಲೇ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಮುಂದಿನದು ತಲೆಗೆ ಹೋಗಲ್ಲ. ಡೆಲ್ ಶುರುವಿನಲ್ಲಿ ಹಾಸ್ಯಗಾರ ಅಲ್ಲ, ಗಾಯಕ. ಅದೂ ಸಾಧಾರಣ ಗಾಯಕ. ನ್ಯೂಯಾರ್ಕ್ ಆಚೆಯ ಬೆಟ್ಟಗಳಲ್ಲಿ ಬೇಸಿಗೆಗೆ ಊರೋರೆಲ್ಲ ಬಂದಿಳಿಯೋ ದೊಡ್ಡ ಹೋಟೆಲುಗಳಿದ್ವಲ್ಲ, ಅಲ್ಲಿ ಊಟ ಆದ ಮೇಲೆ ಹಾಡ್ತಿದ್ದ. ಮೇವಿಸ್ ಅದೇ ಹೋಟೆಲಿನ ಬ್ಯಾಂಡಲ್ಲಿ ಹಾಡೋಳು, ನೆಬ್ರಾಸ್ಕಾದ ಹೊಲದ ಮಧ್ಯದಿಂದ ಬಂದೋಳು. ಒಂದು ಸಂಜೆ ಅವಳ ಪಾಳಿ ಇರಲಿಲ್ಲ, ಮೂರನೇ ಸಾಲಲ್ಲಿ ಐಸ್‌ಕ್ರೀಂ ತಿಂತಾ ಕೂತಿದ್ಲು. ಡೆಲ್ ಒಂದು ಅಳೋ ಹಾಡು ಹಾಡ್ತಾ ಹಾಡ್ತಾ ಸಾಲು ಮರೆತ. ಬ್ಯಾಂಡು ಸುತ್ತಿ ಸುತ್ತಿ ಅಲ್ಲಿಗೇ ಬರ್ತಿದೆ, ಇವನಿಗೆ ಸಾಲು ಬರ್ತಿಲ್ಲ. ಕೊನೆಗೆ, "ಕ್ಷಮಿಸಿ, ಆ ಸಾಲು ನನ್ನ ಇನ್ನೊಂದು ಕೋಟಿನ ಜೇಬಲ್ಲಿದೆ" ಅಂದ.

ಯಾರೂ ನಗಲಿಲ್ಲ. ಚಮಚದ ಸದ್ದು ಕೂಡ ಇಲ್ಲ. ಡೆಲ್ ಅಲ್ಲೇ ಬೆವೆತು ನಿಂತ. ಎಲ್ಲ ಮುಗೀತು ಅನ್ನೋ ಹೊತ್ತಿಗೆ ಮೂರನೇ ಸಾಲಿಂದ ಒಂದು ನಗು ಬಂತು. ಅವಳ ನಗು ಯಾವಾಗ್ಲೂ ಹಾಗೇ, ಎಲ್ಲರಿಗಿಂತ ತಡ. ಜೋಕನ್ನ ತಿರುಗಿಸಿ ಮುರುಗಿಸಿ ನೋಡಿ, ಪರವಾಗಿಲ್ಲ ಅನ್ನಿಸಿದ ಮೇಲೇ ನಗೋದು. ಮೊದಲು ಒಂದು 'ಹಿಕ್', ಕೈಪಂಪು ನೀರು ಹಿಡಿಯೋ ಮುಂಚೆ ಕೆಮ್ಮೋ ಹಾಗೆ. ಆಮೇಲೆ ಗಳಗಳ ಅಂತ ನೀರೇ. "ನಮ್ಮ ಹಿತ್ತಲ ಪಂಪಿಂದ ಕಲ್ತಿದ್ದು" ಅಂತಿದ್ಲು ಕೇಳಿದ್ರೆ. ಅವತ್ತು ಆ ನಗು ಕೇಳಿ ಜನ ತಿರುಗಿ ಅವಳನ್ನ ನೋಡಿದ್ರು, ಅವಳನ್ನ ನೋಡಿ ಇಡೀ ಸಭೆ ನಗೋಕೆ ಶುರು ಮಾಡ್ತು.

ಹೋಟೆಲ್ ಯಜಮಾನ ಆಮೇಲೆ ಡೆಲ್‌ನ ಕರೆದು ಹೇಳಿದ್ದು ಒಂದೇ ಮಾತು: "ನಾಳೆಯಿಂದ ಹಾಡ್ಬೇಡ. ಬರೀ ಸಾಲು ಮರೀತಾ ಇರು."

ಅಲ್ಲಿಂದ ಡೆಲ್ ಕಲಿತದ್ದೇ ಕಾಯೋದು. ಬೇರೆ ಹಾಸ್ಯಗಾರರು ಜನ ನಗೋದು ಮುಗೀತಿದ್ದ ಹಾಗೇ ಮುಂದಿನ ಮಾತಿಗೆ ಹಾರ್ತಿದ್ರು. ಡೆಲ್ ಮಾತ್ರ ಎಲ್ಲರದ್ದೂ ಮುಗಿದ ಮೇಲೂ ನಿಲ್ತಿದ್ದ, ಮೇವಿಸ್‌ದು ಬರೋವರೆಗೆ. ಅದೇ ಅವನ ಶೈಲಿ ಆಯ್ತು, ಅದರಿಂದಲೇ ಸಣ್ಣಪುಟ್ಟ ಸಿನಿಮಾ ಸಿಕ್ತು, ಕೊನೆಗೆ ಫಿಂಚ್ ಸಿಕ್ಕಿದ. ಮೇವಿಸ್ ಹಾಡಿನ ಕಾಲ ಅಷ್ಟರಲ್ಲಿ ಮುಗಿದಿತ್ತು, ಬ್ಯಾಂಡುಗಳೆಲ್ಲ ಚದುರಿ ಗಿಟಾರಿನ ಹುಡುಗರು ಬಂದಿದ್ರು. ಅವಳ ದನಿ ಇರೋದು ಒಂದೇ ಒಂದು ರೆಕಾರ್ಡಲ್ಲಿ, ಅದೂ ಬೇರೆ ಯಾರೋ ಹಾಡ್ತಿದ್ರೆ ಹಿಂದೆ ಇನ್ನಿಬ್ಬರ ಜೊತೆ ನಿಂತು 'ಊ' ಅಂದಿದ್ದು. ಆ 'ಊ'ನಲ್ಲಿ ಯಾವುದು ಮೇವಿಸ್ ಅಂತ ಡೆಲ್‌ಗೂ ಗೊತ್ತಾಗಲ್ಲ.

ಇಷ್ಟನ್ನೂ ಇಮಾನಿಗೆ ಹೇಳಿ, "ನಗು ಇರೋದನ್ನ ಒಂದ್ಸಲ ಹಾಕಮ್ಮ" ಅಂದ ಡೆಲ್. "ನಾನದನ್ನ ಕೇಳೇ ಇಲ್ಲ."

ಹಾಕಿದ್ಲು. ಅದೇ ದೃಶ್ಯ. "ನಿನ್ನೆಗಿಂತ ವಾಸಿ." ಮುನ್ನೂರು ಜನ ಘೊಳ್ ಅಂದ್ರು. ಆ ಅಲೆ ಏರ್ತು, ಇಳೀತು, ಅಲ್ಲೊಂದು ಇಲ್ಲೊಂದು ಕಿಸಕ್ ಉಳ್ಕೊಂಡು ಅದೂ ನಿಂತ್ಹೋಯ್ತು. ಆಮೇಲೆ, ಎಲ್ಲ ಸುಮ್ನಾದ ಮೇಲೆ, 'ಹಿಕ್'. ಗಳಗಳ ಗಳಗಳ.

ಡೆಲ್ ಕುರ್ಚಿ ಕೈ ಹಿಡ್ಕೊಂಡ. ಬಾಯಿ ತಾನಾಗೇ ಅಗಲ ಆಯ್ತು, ಅವಳು ನಕ್ಕಾಗೆಲ್ಲ ಆಗ್ತಿದ್ದ ಹಾಗೆ. ಇಮಾನಿನೂ ನಗ್ತಿದ್ಲು.

"ಇದು ಯಾವ ವರ್ಷದ್ದಮ್ಮ?" ಅಂತ ಕೇಳಿದ.

"ಕೊನೇ ವರ್ಷದ್ದು ಸರ್. ಕೊನೇ ಕಂತಿಗೆ ಎರಡು ಕಂತು ಮುಂಚೆ."

ಡೆಲ್ ಬಾಯಿ ಅಗಲ ಆಗಿದ್ದು ಹಾಗೇ ಉಳೀತು, ಕಣ್ಣು ಮಾತ್ರ ಬದಲಾಯ್ತು.

"ಆಗಲ್ಲ. ಇನ್ನೊಂದ್ಸಲ ನೋಡು. ಮೇವಿಸ್ ಅದಕ್ಕೆ ಮುಂಚಿನ ವಸಂತದಲ್ಲೇ ಹೋಗ್ಬಿಟ್ಲು. ಕೊನೇ ವರ್ಷ ಆ ಸೀಟಲ್ಲಿ ಯಾರ್ಯಾರೋ ಕೂತ್ಕೊಳ್ತಿದ್ರು."

ಇಮಾನಿ ಇನ್ನೊಂದ್ಸಲ ನೋಡಿದ್ಲು. ಕೊನೇ ವರ್ಷದ್ದೇ. ಆ ವರ್ಷದ ಬೇರೆ ಕಂತುಗಳನ್ನೂ ಹಾಕಿದ್ಲು, ಎಲ್ಲದರಲ್ಲೂ ಮೇವಿಸ್ ಇದ್ಲು. ಎಲ್ಲರೂ ನಕ್ಕು ಮುಗಿಸಿದ ಮೇಲೆ, ತನ್ನ ಪಾಡಿಗೆ ತಾನು ತಡವಾಗಿ ಬಂದು, ನಕ್ಕು ಹೋಗ್ತಿದ್ಲು.

ಹೀಗೆ ಮಾಡೋಕೆ ಸಾಧ್ಯ ಇದ್ದದ್ದು ಭೂಮಿ ಮೇಲೆ ಒಬ್ಬನಿಗೇ. ಡೆಲ್ ಅವತ್ತು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. "ನಾಡಿದ್ದು ಬರ್ತೀನಿ" ಅಂತ ಹೇಳಿ, ಸೀದಾ ಹರ್ಶೆಲ್ ಟಾಬಾಕ್‌ಗೆ ಫೋನ್ ಮಾಡಿ ಊಟಕ್ಕೆ ಕರೆದ.

ಹರ್ಶೆಲ್ ಫಿಂಚ್‌ನ ಶಬ್ದದ ಮನುಷ್ಯ. ಆ ಕಾಲದಲ್ಲಿ ಜನ ಎಷ್ಟೇ ನಕ್ಕರೂ ಆಮೇಲೆ ಅದನ್ನ ಸ್ವಲ್ಪ ಅಲ್ಲಿ ಏರಿಸಿ, ಇಲ್ಲಿ ಇಳಿಸಿ, ಬೋಳು ಕಂಡಲ್ಲಿ ಒಂದಿಷ್ಟು ತುಂಬಿಸಿ ಕೊಡೋರಿದ್ರು. ಹರ್ಶೆಲ್ ಹತ್ರ ಅದಕ್ಕೊಂದು ಪೆಟ್ಟಿಗೆ ಇತ್ತು, ಟೈಪ್‌ರೈಟರ್ ಹಾಗೆ ಕೀಲಿಗಳು, ಕಾಲಿಗೊಂದು ಪೆಡಲು. ಒಂದು ಕೀಲಿ ಒತ್ತಿದ್ರೆ ಕಿಸಕ್ಕನೆ ನಗೋ ಹೆಂಗಸು, ಇನ್ನೊಂದಕ್ಕೆ ನಗ್ತಾ ಕೆಮ್ಮೋ ಗಂಡಸು, ಇನ್ನೊಂದಕ್ಕೆ 'ಅಯ್ಯೋ' ಅನ್ನೋ ಅಜ್ಜಿ. ಬಾರಿಸುವಾಗ ಯಾರೂ ನೋಡ್ಬಾರ್ದು ಅಂತ ಬೆನ್ನು ತಿರುಗಿಸಿ ಕೂರ್ತಿದ್ದ. ಈಗ ಆ ಮನುಷ್ಯನಿಗೇ ಎರಡೂ ಕಿವೀಲಿ ಯಂತ್ರ.

ವೆಂಚುರಾ ಬೀದಿಯ ಹಳೇ ಹೋಟ್ಲಲ್ಲಿ, ಅವರು ಯಾವಾಗ್ಲೂ ಕೂರೋ ಮೂಲೇಲಿ, ಹರ್ಶೆಲ್ ಮಾಂಸದ ಸ್ಯಾಂಡ್‌ವಿಚ್ ಎರಡೂ ಕೈಲಿ ಹಿಡ್ಕೊಂಡು ಕೂತಿದ್ದ.

"ಯಾಕೋ ಮುಖ ಹೀಗಿದೆ? ಯಾರು ಸತ್ರು?"

"ಮೇವಿಸ್."

"ಅದು ಗೊತ್ತು ಮಾರಾಯ. ಅವತ್ತು ಶವಪೆಟ್ಟಿಗೆ ಹೊತ್ತಿದ್ದೀನಿ, ಹೆಗಲು ಇನ್ನೂ ನೋಯುತ್ತೆ."

"ಹಾಗಾದ್ರೆ ಕೊನೇ ವರ್ಷ ನಗ್ತಿರೋದು ಯಾರೋ?"

ಹರ್ಶೆಲ್ ಸ್ಯಾಂಡ್‌ವಿಚ್ ಕೆಳಗಿಟ್ಟ. ಕಿವಿಯ ಯಂತ್ರ ಮುಟ್ಟಿ ನೋಡ್ಕೊಂಡ. "ನೀನು ನಿನ್ನ ಶೋ ನೋಡಲ್ಲ ಅಂತಿದ್ದೆಯಲ್ಲ."

"ನಿನ್ನೆ ನೋಡ್ದೆ."

"ಥೂ ನಿನ್ನ. ಇಷ್ಟು ವರ್ಷ ಕಾದೋನು ಇನ್ನೊಂದೆರಡು ವರ್ಷ ಕಾಯೋಕೆ ಆಗ್ಲಿಲ್ವಾ, ನಾನು ಆರಾಮಾಗಿ ಸಾಯ್ತಿದ್ದೆ." ಉಪ್ಪುನೀರಿನ ಸೌತೆಕಾಯಿ ಒಂದು ಚೂರು ಕಡಿದ. ಆಮೇಲೆ ಹೇಳಿದ. "ಮೊದಲನೇ ಕಂತಲ್ಲಿ ಮೂರನೇ ಸಾಲಿನ ಮೈಕು ತೀರಾ ಕೆಳಗೆ ಇಳಿಬಿಟ್ಟಿದ್ದೆ. ಅವಳ ನಗು ಒಂದೇ, ಮುತ್ತಿನ ಹಾಗೆ ಬಿಡಿಯಾಗಿ ಬಿದ್ದಿತ್ತು. ಚೆನ್ನಾಗಿದೆ ಅಂತ ಪೆಟ್ಟಿಗೆಗೆ ಹಾಕ್ಕೊಂಡೆ, ಮೂಲೆಯ ಕೀಲಿ. ಅವಳು ಇದ್ದಷ್ಟು ದಿನ ಒತ್ತಲೇ ಇಲ್ಲ. ಬೇಕಾಗಿರ್ಲಿಲ್ಲ."

"ಆಮೇಲೆ ಯಾಕೆ ಒತ್ತಿದೆ? ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

"ನೀನು ಜಾಗ ಬಿಟ್ಟಿದ್ದೆ ಕಣೋ."

"ಯಾವ ಜಾಗ?"

"ಕೊನೇ ವರ್ಷ ನೀನು ನಿಲ್ಲೋದು ಬಿಟ್ಟೆ ಅಂದ್ಕೊಂಡಿದ್ಯಾ?"

"ಹೂಂ. ನಿನ್ನೆ ನೋಡೋವರೆಗೂ, ಮಾತು ಮುಗಿದ ತಕ್ಷಣ ಓಡ್ತಿದ್ದೆ ಅಂತಲೇ ಅಂದ್ಕೊಂಡಿದ್ದೆ. ಯಾವಾಗ ಮನೆಗೆ ಹೋಗ್ತೀನೋ ಅನ್ನಿಸ್ತಿತ್ತು."

"ಓಡ್ಲಿಲ್ಲ. ಮೊದಲು ಎಷ್ಟು ನಿಲ್ತಿದ್ಯೋ ಅಷ್ಟೇ ನಿಂತಿದ್ದೆ. ಜನ ನಕ್ಕು ಸುಮ್ನಾಗಿ, ಮೂಗು ಒರೆಸ್ಕೊಂಡು, ಮುಂದೇನು ಅಂತ ನೋಡ್ತಿದ್ರು, ನೀನು ಆ ಸೀಟ್ ಕಡೆ ತಿರುಗಿ ನಿಂತೇ ಇದ್ದೆ. ನಿರ್ದೇಶಕ ಕತ್ತರಿಸು ಅಂದ. ಎಲ್ಲಿಂದ ಕತ್ತರಿಸ್ಲಿ, ಮೂರು ಕ್ಯಾಮೆರಾದಲ್ಲೂ ನೀನು ನಿಂತಿದ್ದೀಯ. ಸರಿ, ತುಂಬಿಸೋಣ ಅಂತ ಪೆಟ್ಟಿಗೇಲಿದ್ದ ಎಲ್ಲ ನಗುನೂ ಹಾಕಿ ನೋಡ್ದೆ. ಒಂದು ಉದ್ದ, ಒಂದು ಮೋಟು. ಹೊಲಿಸಿದ ಅಂಗಿ ಇದ್ದ ಹಾಗಿತ್ತು ಆ ಜಾಗ, ಒಬ್ಬಳ ಅಳತೇದು. ಇನ್ನೊಬ್ಬರಿಗೆ ಹಾಕಿದ್ರೆ ತೋಳು ಜೋತಾಡ್ತಿತ್ತು."

ಬಡಿಸೋ ಹೆಂಗಸು ಬಂದು ಕಾಫಿ ಸುರಿದು, "ಹೇಗಿದೆ ಇವತ್ತಿನ ಕಾಫಿ?" ಅಂದ್ಲು, ಅವನ ಬಾಯಿಂದ ಆ ಮಾತು ಕೇಳೋ ಆಸೆಗೆ. ಅವನು ಚೆನ್ನಾಗಿದೆ ಅಂದುಬಿಟ್ಟ.

"ಬೇರೆ ಯಾವ ಶೋಗಾದ್ರೂ ಒತ್ತಿದ್ಯಾ, ಆ ಕೀಲೀನ?"

"ನನಗೇನು ತಲೆ ಕೆಟ್ಟಿದ್ಯಾ? ಅವಳು ಬೇರೆಯೋರ ಜೋಕಿಗೆ ಯಾವತ್ತು ನಕ್ಕಿದ್ಲು?"

ಇಬ್ಬರೂ ಮುದುಕರು ಆಗ ನಕ್ಕರು ನೋಡಿ, ಪಕ್ಕದ ಮೇಜಿನೋರು ತಿರುಗಿ ನೋಡೋ ಹಾಗೆ.

ಆದ್ರೆ ಮನೆಗೆ ಬಂದ ಮೇಲೆ ಡೆಲ್‌ಗೆ ಕೂರೋಕೂ ಆಗಲಿಲ್ಲ, ನಿಲ್ಲೋಕೂ ಆಗಲಿಲ್ಲ. ಹೂಂ ಅಂದ್ರೆ ಮೇವಿಸ್ ನಗೂನ ಫಿಂಚ್‌ನಿಂದ ತಾನೇ ಕೈಯಾರೆ ಅಳಿಸಿದ ಹಾಗೆ, ಅವಳದು ಅಂತ ಈ ಲೋಕದಲ್ಲಿ ಉಳಿದಿರೋದು ಅದೊಂದೇ. ಊಹೂಂ ಅಂದ್ರೆ ವರ್ನಾ ಸ್ವೀಡನ್ ರಾಣಿ ಪಕ್ಕದ ಕೋಣೇಲಿ 'ಹೌದಾ ಅಜ್ಜಿ' ಆಗೇ ಉಳೀತಾಳೆ, ಅದೂ ಇನ್ನೆಷ್ಟು ದಿನವೋ. ಸತ್ತೋಳ ನಗುಗೋಸ್ಕರ ಬದುಕಿರೋಳ ಬಾಯಿ ಕಟ್ಟಲಾ? ಬದುಕಿರೋಳ ಸೊಂಟಕ್ಕೋಸ್ಕರ ಸತ್ತೋಳ ನಗು ಮುಚ್ಚಲಾ? ಅಂಗಳದ ನಿಂಬೆ ಗಿಡಕ್ಕೆ ನೀರು ಹಾಕ್ತಾ ಹಾಕ್ತಾ ಅದರ ಬುಡಾನ ಕೆರೆ ಮಾಡಿಟ್ಟ.

ಹೇಳಿದ ದಿನ ಇಮಾನಿ ಹತ್ರ ಹೋಗಿ ಒಂದು ಉಪಾಯ ಇಟ್ಟ.

"ಎಲ್ಲರ ನಗುನೂ ತೆಗೀಮ್ಮ. ಅವಳದ್ದೊಂದು ಬಿಡು."

ಇಮಾನಿ ಯೋಚನೆ ಮಾಡಿದ್ಲು. ಒಳ್ಳೇ ಹುಡುಗಿ, ಆಗಲ್ಲ ಅನ್ನಲಿಲ್ಲ. "ಮಾಡಿ ನೋಡೋಣ ಸರ್" ಅಂದು, ಅವನ ಎದುರಿಗೇ ಕೂತು ಮಾಡಿದ್ಲು.

"ನಿನ್ನೆಗಿಂತ ವಾಸಿ." ನಿಶ್ಶಬ್ದ. ನಿಶ್ಶಬ್ದ. 'ಹಿಕ್'. ಗಳಗಳ ಗಳಗಳ. ಮತ್ತೆ ನಿಶ್ಶಬ್ದ.

ಡೆಲ್ ಮುಖ ಕಿವುಚ್ದ. ಇನ್ನೊಂದು ಸಲ ಹಾಕಿಸಿದ. ಖಾಲಿ ಮನೇಲಿ ಒಬ್ಬಳೇ ಕೂತು ನಗ್ತಿರೋ ಹಾಗಿತ್ತು. ಮೇವಿಸ್ ಒಬ್ಬಳೇ ಕೂತು ನಕ್ಕೋಳಲ್ಲ, ಜನರ ಮಧ್ಯೆ ಕೂತು, ಜನ ಎಲ್ಲ ಮುಗಿಸ್ಲಿ ಅಂತ ಕಾದು ನಕ್ಕೋಳು.

"ಬೇಡಮ್ಮ" ಅಂದ. "ಹೆದರಿಕೆ ಆಗುತ್ತೆ. ಇದು ಅವಳಲ್ಲ."

"ಹಾಗಾದ್ರೆ ಇನ್ನೊಂದು ಮಾಡ್ಕೊಡ್ತೀನಿ ಸರ್. ಎಲ್ಲ ಕಂತುಗಳಿಂದ ಅವರ ನಗು ಆರಿಸಿ ಒಟ್ಟಿಗೆ ಸೇರಿಸಿ ಕೊಡ್ತೀನಿ. ನಿಮ್ಮ ಹತ್ರ ಇರ್ಲಿ. ಯಾವಾಗ ಬೇಕಾದ್ರೂ ಕೇಳ್ಬಹುದು."

"ಜೋಕಿಲ್ಲದೆ ನಗೋಕೆ ಅವಳಿಗೇನು ಹುಚ್ಚು ಹಿಡಿದಿತ್ತಾ?"

ಇಮಾನಿ ಮುಖ ಸಣ್ಣದಾಯ್ತು. ಡೆಲ್ ಅವಳ ಕೈ ತಟ್ಟಿದ. "ನಿನ್ನ ಮೇಲೆ ಸಿಟ್ಟಲ್ಲ ಮಗಳೇ. ಆ ಮೊದಲನೇದು ಹಾಕು, ಏನೂ ಇಲ್ಲದ್ದು."

ಹಾಕಿದ್ಲು. ಚಮಚ ಹಿಡ್ಕೊಂಡ ಮನುಷ್ಯ, ಎಡಕ್ಕೆ, ಸ್ವಲ್ಪ ಕೆಳಕ್ಕೆ ನೋಡ್ತಾ ನಿಂತ. ಹೆಂಡ್ತಿ ಹೋದ ವರ್ಷದ ತನ್ನ ಮುಖಾನ ಡೆಲ್ ಈ ಸಲ ಸರಿಯಾಗಿ ನೋಡಿದ. ಆ ವರ್ಷದ್ದು ಅವನಿಗೆ ಏನೂ ನೆನಪಿರಲಿಲ್ಲ, ಕಲ್ಲಿನ ಹಾಗಿದ್ದೆ ಅಂತಲೇ ಇಷ್ಟು ದಿನ ನಂಬ್ಕೊಂಡಿದ್ದ. ಕಲ್ಲಲ್ಲ. ಆ ಮುಖ ಇನ್ನೇನು ನಗ್ತಾಳೆ, ಈಗ ನಗ್ತಾಳೆ ಅಂತ ಕಾಯ್ತಿತ್ತು.

"ಹೂಂ" ಅಂದ ಡೆಲ್. "ತೆಗೀರಿ."

ಬೇಸಿಗೆ ಮುಗಿಯೋ ಹೊತ್ತಿಗೆ ಫಿಂಚ್ ಮತ್ತೆ ಬಂದ. ಗ್ಲೆಂಡೇಲಿನ ಆ ಮನೆಯ ದೊಡ್ಡ ಹಾಲ್‌ನಲ್ಲಿ ಮಧ್ಯಾಹ್ನದ ಊಟ ಆದ ಮೇಲೆ ದೊಡ್ಡ ಟಿವಿ ಮುಂದೆ ಗಾಲಿಕುರ್ಚಿಗಳನ್ನ ಸಾಲಾಗಿ ನಿಲ್ಲಿಸಿದ್ರು. ವರ್ನಾ ತುಟಿಗೆ ಕೆಂಪು ಹಚ್ಚಿ ಮುಂದೆ ಕೂತಿದ್ಲು, ಪಕ್ಕದಲ್ಲಿ ಡೆಲ್. ಸ್ವೀಡನ್ ರಾಣಿನೂ ಬಂದಿದ್ಲು. ನರ್ಸಮ್ಮಂದಿರು ಗೋಡೆಗೆ ಒರಗಿ ನಿಂತಿದ್ರು, ಇನ್ನೇನು ಕೆಲಸಕ್ಕೆ ಹೋಗೋಣ ಅನ್ನೋ ಹಾಗೆ.

ಪರದೆ ಮೇಲೆ ಮೇಡಂ ದುವಾಲ್ ಬಾಗಿಲು ತೆಗೆದು ಬಂದ್ಲು, ಹಸಿರು ರೇಷ್ಮೆ ಗೌನು, ಸೊಂಟದ ಮೇಲೆ ಕೈ.

ಸೂಪಿನ ನರ್ಸಮ್ಮ ಗೋಡೆ ಬಿಟ್ಟು ಮುಂದೆ ಬಂದ್ಲು. ಪರದೆ ನೋಡಿದ್ಲು, ವರ್ನಾನ ನೋಡಿದ್ಲು. "ಅಜ್ಜಿ" ಅಂದ್ಲು. ಆಮೇಲೆ ತಿದ್ಕೊಂಡು, "ಮೇಡಂ, ಇದು ನೀವಾ?"

"ಅಲ್ಲ, ಸ್ವೀಡನ್ ರಾಣಿ" ಅಂದ್ಲು ವರ್ನಾ. "ಕೂತ್ಕೊಂಡು ನೋಡು. ಸೂಪ್ ಆಮೇಲೆ."

ಸ್ವರ ಬಂತು, ಸುಣ್ಣ ಬಿತ್ತು, ಫಿಂಚ್ ಕಾಫಿ ಕಲಸಿದ. "ನಿನ್ನೆಗಿಂತ ವಾಸಿ." ಟಿವೀಲಿ ಏನೂ ಸದ್ದಿಲ್ಲ. ಹಾಲ್‌ನಲ್ಲಿ ಮಾತ್ರ ನಗು ಎದ್ದಿತು. ಹಲ್ಲಿಲ್ಲದ ನಗು, ಕೆಮ್ಮಿನ ನಗು, ನರ್ಸಮ್ಮಂದಿರ ಹೊಸ ನಗು. ಅದು ಏರ್ತು, ಇಳೀತು, ಮುಗೀತು. ಫಿಂಚ್ ಇನ್ನೂ ನಿಂತೇ ಇದ್ದ.

"ಟಿವಿ ಸಿಕ್ಕಾಕ್ಕೊಂಡ್ತಾ?" ಅಂತ ನರ್ಸಮ್ಮ ರಿಮೋಟಿಗೆ ಕೈ ಹಾಕಿದ್ಲು.

"ಮುಟ್ಬೇಡ" ಅಂದ್ಲು ವರ್ನಾ. "ಅವನು ಕಾಯ್ತಿದ್ದಾನೆ."

"ಯಾರಿಗೆ?"

"ಸ್ವಲ್ಪ ನಿಧಾನಕ್ಕೆ ನಗೋಳು ಒಬ್ಬಳಿದ್ದಾಳೆ. ಅವಳದ್ದೂ ಆಗ್ಲಿ ಇರು."

ಡೆಲ್ ತನಗೆ ಗೊತ್ತಿಲ್ಲದ ಹಾಗೇ ಎಡಕ್ಕೆ, ಹಿಂದಕ್ಕೆ ತಿರುಗಿದ, ಮೂರನೇ ಸಾಲಿನ ಕಡೆ. ಅಲ್ಲಿ ಯಾರದೋ ಖಾಲಿ ಗಾಲಿಕುರ್ಚಿ ಇತ್ತು, ಕಿಟಕಿ ಬಿಸಿಲು ಅದರ ಮೇಲೆ ಬಿದ್ದಿತ್ತು. ಇಡೀ ಹಾಲ್ ಸುಮ್ನೆ ಕೂತಿತ್ತು, ಯಾರಿಗೆ ಅಂತ ಗೊತ್ತಿಲ್ಲದೇನೇ ಅವನ ಜೊತೆ ಕಾಯ್ತಾ.

ಈಗ ಹೇಳಿ. ಆ ಕತ್ತಲೆ ಕೋಣೇಲಿ, ಆ ಹುಡುಗಿ ಪಕ್ಕದಲ್ಲಿ ನೀವು ಕೂತಿದ್ದಿದ್ರೆ, ಆ ನಗೂನ ಇಟ್ಕೊಳ್ತಿದ್ರಾ, ಇಲ್ಲಾ ಅದಕ್ಕೆ ಕಾದು ನಿಂತ ಜಾಗಾನ?